ಎಂಟುನೂರು ಕೋಟಿ ವರ್ಷದ ಹಿಂದಿನ ಅನಿಲ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಕೆಲಸ. ರೇಡಿಯೋ ಟೆಲಿಸ್ಕೋಪಿನ ಕೆಟ್ಟ ಡೇಟಾ ಕಿತ್ತುಹಾಕು, ಉಳಿದದ್ದನ್ನು ಕೂಡು. ಒಂದೊಂದೇ ಗ್ಯಾಲಕ್ಸಿಯ ಹೈಡ್ರೋಜನ್ ಸಿಗ್ನಲ್ ಕಾಣಿಸದಷ್ಟು ಕ್ಷೀಣ. ಸಾವಿರಾರು ಸೇರಿಸಿದರೆ ಏನಾದರೂ ತಲೆ ಎತ್ತೀತು. ಎಂಟುನೂರು ಕೋಟಿ ವರ್ಷಗಳ ಹಿಂದೆ ಗ್ಯಾಲಕ್ಸಿಗಳಲ್ಲಿ ಈ ಅನಿಲ ಎಷ್ಟಿತ್ತು — ಐದು ವರ್ಷದಿಂದ ಇದೊಂದೇ ಪ್ರಶ್ನೆ. ನಕ್ಷತ್ರ ಹುಟ್ಟುವುದೇ ಅದರಿಂದ. ಆಗ ಧಾರಾಳ, ಈಗ ಬಡತನ. ಯಾವಾಗ ಖಾಲಿಯಾಗತೊಡಗಿತು?

ಇವತ್ತು ಗ್ರಾಫಿನ ನಡುವೆ ಸಣ್ಣ ಉಬ್ಬು. ಓಡಿಹೋಗಿ ಗೈಡ್ ಸರ್‌ಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಇದೆ ಅನ್ಸುತ್ತೆ. ಆದ್ರೆ ಇನ್ನೊಂದು ಸೀಸನ್ ಡೇಟಾ ಬೇಕಮ್ಮ. ಇಷ್ಟೇ ಹಿಡ್ಕೊಂಡು ಹೋದ್ರೆ ನಗ್ತಾರೆ."

ಮಾರ್ಚ್ 19

ಊರಿಗೆ ಮೊಬೈಲ್ ಟವರ್ ಬರುತ್ತದಂತೆ. ಕ್ಲಿನಿಕ್ ಹಿಂದೆಯೇ. ಅಷ್ಟು ದೂರದಿಂದ ಬರುವ ಹೈಡ್ರೋಜನ್ನಿನ ಅಲೆ ಹಿಗ್ಗಿ ಹಿಗ್ಗಿ ಯಾವ ಫ್ರೀಕ್ವೆನ್ಸಿಗೆ ಇಳಿಯುತ್ತದೋ, ಟವರ್ ಮಾತಾಡುವುದೂ ಅದರಲ್ಲೇ. ಟವರ್ ಬಂದರೆ ನಮ್ಮ ಆಂಟೆನಾಗಳಿಗೆ ಬೇರೇನೂ ಕೇಳಿಸುವುದಿಲ್ಲ. ಆಕ್ಷೇಪಣೆ ನೀನೇ ಬರಿ ಅಂದರು ಸರ್.

ಅಕ್ಕನಿಗೆ ಹೇಗೆ ಹೇಳಲಿ... ಆ ಕ್ಲಿನಿಕ್ಕಿನ ನರ್ಸ್ ಅವಳು. ಟವರ್ ಬೇಕೆಂದು ಮನೆಮನೆ ತಿರುಗಿ ಸಹಿ ಹಾಕಿಸಿದವಳೂ ಅವಳೇ.

ಮಾರ್ಚ್ 20

ಹೇಳಿದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೋದ್ವರ್ಷ ನಿಮ್ಮ ಆಫೀಸ್ ಡ್ರೈವರ್ ಹೆಂಡ್ತಿ ನನ್ನ ಕೈಯಲ್ಲೇ ಹೋದ್ಳು. ಹೆರಿಗೆ ಆಗಿ ರಕ್ತ ನಿಲ್ಲಲೇ ಇಲ್ಲ. ಡಾಕ್ಟರನ್ನ ಕರೆಯೋಕೆ ಆ ಮನುಷ್ಯ ಬೈಕ್ ಹತ್ಕೊಂಡು ಹೋಗ್ಬೇಕಾಯ್ತು. ನಿಂಗೆ ಗೊತ್ತು ತಾನೆ?"

"ಗೊತ್ತಕ್ಕ. ಒಂದೇ ಒಂದು ಸೀಸನ್ ಮಟ್ಟಿಗೆ..."

"ಎಂಟುನೂರು ಕೋಟಿ ವರ್ಷ ಕಾದಿದ್ದು ಇನ್ನೂ ಸ್ವಲ್ಪ ಕಾಯುತ್ತೆ ಬಿಡು. ಇವ್ರು ಕಾಯಲ್ಲ."

ಅದು ಕಾಯುತ್ತದೆ, ನಿಜ. ಕೇಳಲು ನಮಗೆ ಬೇರೆ ಜಾಗವಿಲ್ಲ ಅಷ್ಟೇ.

ಏಪ್ರಿಲ್ 2

ಆಕ್ಷೇಪಣೆ ಬರೆದೆ. ಸಹಿಯನ್ನೂ ಹಾಕಿದೆ. ಅಕ್ಕ ಕ್ಲಿನಿಕ್ಕಿನ ಕ್ವಾರ್ಟರ್ಸಿಗೆ ಹೋಗಿಬಿಟ್ಟಳು. ಜಗಳ ಇಲ್ಲ, ಏನಿಲ್ಲ. ಕುಕ್ಕರ್ ನನಗೇ ಬಿಟ್ಟಿದ್ದಾಳೆ.

ಜೂನ್ 11

ಆಕ್ಷೇಪಣೆ ವಜಾ. ಟವರ್ ಶುರು. ಸ್ಕ್ರೀನ್ ತುಂಬ ಬರೀ ಗದ್ದಲ.

ಹಳೆಯ ಡೇಟಾವನ್ನೇ ಇನ್ನೊಮ್ಮೆ ಜರಡಿ ಹಿಡಿದೆ. ಉಬ್ಬು ಕರಗಿತು. ಇತ್ತೋ, ಇರಲೇ ಇಲ್ಲವೋ — ಇನ್ನು ತಿಳಿಯುವ ದಾರಿಯಿಲ್ಲ. ಸರ್ ಬೆನ್ನು ತಟ್ಟಲು ಬಂದವರು ಕೈ ಹಿಂತೆಗೆದುಕೊಂಡರು.

ಜೂನ್ 30, ಸಂಜೆ

ಅಕ್ಕನ ಫೋನ್. ಮನೆ ಬಿಟ್ಟ ಮೇಲೆ ಮೊದಲ ಸಲ.

"ಮಧ್ಯಾಹ್ನ ಹೆರಿಗೆ ಕೇಸ್ ಬಂದಿತ್ತು. ರಕ್ತ ಹೋಗ್ತಾ ಇತ್ತು. ತಕ್ಷಣ ಫೋನ್ ಮಾಡ್ದೆ. ಡಾಕ್ಟರೂ ಬೇಗನೇ ಬಂದ್ರು..."

ತಡೆದಳು.

"ಆದ್ರೂ ಉಳೀಲಿಲ್ಲ ಕಣೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ನಿಂದೇನಾಯ್ತು? ಸಿಕ್ತಾ ನಿನ್ನ ಹೈಡ್ರೋಜನ್?"

ಸಿಕ್ಕಿತು ಅಂದುಬಿಡೋಣ ಅನಿಸಿತು. ಒಬ್ಬರದಾದರೂ ಆಯಿತು ಅಂದುಕೊಳ್ಳಲಿ ಅವಳು. ಬಾಯಿ ತೆರೆದೆ. ಆದರೆ ಹೊರಬಂದದ್ದು ನಿಜವೇ: "ಇಲ್ಲಕ್ಕ, ನಂದೂ ಉಳೀಲಿಲ್ಲ."