ಮೂರನೇ ಡ್ರಮ್ಮಿನ ಕುಂಕುಮ

6-10-62, ಶನಿವಾರ
ಆಪರೇಷನ್ನಿನ ಬಟ್ಟೆ ತುಂಬಿದ ಮೂರು ಡ್ರಮ್ ಆಟೋಕ್ಲೇವಿನ ಆವಿಯಲ್ಲಿ ಬೆಂದವು. ಒಳಗಿಡುವ ಮುಂಚೆ ಡ್ರಮ್ಮಿನ ಪಕ್ಕದ ತಗಡಿನ ಪಟ್ಟಿ ಸರಿಸಿ ತೂತು ತೆರೆಯಬೇಕು — ಆವಿ ಬಟ್ಟೆಯೊಳಕ್ಕೆ ಹೋಗಲಿ ಅಂತ. ತೆಗೆದ ಮೇಲೆ ಮುಚ್ಚಬೇಕು. ಬಟ್ಟೆಯ ನಡುವೆ ಕೆಂಪು ದ್ರವದ ಪುಟ್ಟ ಗಾಜಿನ ಟ್ಯೂಬ್. ಕೆಂಪು ಹೋಗಿ ಹಸಿರಾದರೆ ಕಾವು ತಲುಪಿದೆ ಎಂದರ್ಥ. ಎಲ್ಲ ಡಾ. ರಾಮಪ್ರಸಾದರು ಇಂಗ್ಲೆಂಡಿನಿಂದ ತಂದ ಶಿಸ್ತು. ಮೊದಲು ಸಾಮಾನು ಕುದಿಸಿ ಮಿಕ್ಕದ್ದನ್ನು ದೇವರ ಮೇಲೆ ಬಿಡುತ್ತಿದ್ದೆವು. “ಹೊಟ್ಟೆ ಕೀವನ್ನ ತಡ್ಕೊಳುತ್ತೆ ಸಿಸ್ಟರ್, ಮೆದುಳು ತಡ್ಕೊಳಲ್ಲ” ಅನ್ನುತ್ತಾರೆ. ದಿನಕ್ಕೆ ಎರಡು ಸಲ.

7-10, ಆಯುಧಪೂಜೆ
ಆಪರೇಷನ್ ಥಿಯೇಟರಿನ ಪೂಜೆ ನೀವೇ ಮಾಡಿ ಕಾತ್ಯಾಯಿನಿ ಎಂದರು ಡಾಕ್ಟರು. ನಾನು! ಯಜಮಾನರು ಹೋದ ಮೇಲೆ ಎಂಟು ವರ್ಷವಾಯಿತು ಕುಂಕುಮದ ಬಟ್ಟಲು ಮುಟ್ಟಿ. ಜಯನಗರದ ಅಣ್ಣನ ಮನೆಯಲ್ಲಿ ಅತ್ತಿಗೆ ಅಲಮೇಲು ಪೂಜೆ ಮಾಡುವಾಗ ಅಡುಗೆಮನೆ ಬಾಗಿಲು ದಾಟುವುದಿಲ್ಲ ನಾನು.
ಒಳಗೆ ಕುಂಕುಮದ ಪುಡಿ ಬೀಳದಿರಲಿ ಅಂತ, ತೊಳೆದು ತೆರೆದಿಟ್ಟಿದ್ದ ಖಾಲಿ ಡ್ರಮ್ಮುಗಳ ಪಟ್ಟಿ ಮುಚ್ಚಿದೆ. ಗಂಧ, ಅದರ ಮೇಲೆ ಕುಂಕುಮ, ದೊಡ್ಡ ದೊಡ್ಡ ಬೊಟ್ಟು. ಅಟೆಂಡರ್ ಏಕಾಂತಯ್ಯ ಕುಂಬಳಕಾಯಿ ಒಡೆದ. ಸಂತೋಷವಾಯಿತು. ಸುಳ್ಳೇಕೆ ಬರೆಯಲಿ.

8-10
ಸಂಜೆ ನಾಳೆಯ ಆಪರೇಷನ್ನಿಗೆ ಡ್ರಮ್ ತುಂಬಿ ಆಟೋಕ್ಲೇವಿಗೆ ಇಟ್ಟೆ. ಕುಂಕುಮ ಒರೆಸಲು ಕೈ ಬರಲಿಲ್ಲ.

9-10
ಬೊಮ್ಮನಹಳ್ಳಿಯ ಬೈರಣ್ಣ. ಹುಣಸೆಮರದಿಂದ ಬಿದ್ದು ಎರಡು ವಾರ, ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಬುರುಡೆ ತೆರೆದಾಗಿತ್ತು. ಮೂರನೇ ಡ್ರಮ್ ಬಿಚ್ಚಿದೆ. ಟ್ಯೂಬ್ ಇನ್ನೂ ಕೆಂಪು... ಹಳೇ ಸ್ಟಾಕಿನ ಟ್ಯೂಬ್ ಇರಬೇಕು ಅಂದುಕೊಂಡೆ. ಡಾಕ್ಟರು ಕೈ ಚಾಚಿ ನಿಂತಿದ್ದರು. ಬಟ್ಟೆ ಕೊಟ್ಟೆ.

12-10
ಬೈರಣ್ಣ ಮುದ್ದೆ ಕೇಳಿದ! ಹೆಂಡತಿ ಮುನಿವೆಂಕಟಮ್ಮ ನಗುತ್ತಾ ಅತ್ತಳು. ಬನಶಂಕರಮ್ಮನ ಗುಡಿಯ ಕುಂಕುಮ ತಂದು ಅವನ ಬ್ಯಾಂಡೇಜಿನ ಮೇಲೆ ಇಟ್ಟಳು. ಗದರಿಸಬೇಕಿತ್ತು. ಸುಮ್ಮನಾದೆ.

15-10
ಜ್ವರ 104. ಕುತ್ತಿಗೆ ಮರದ ಹಾಗೆ. ಬೆನ್ನಿನಿಂದ ತೆಗೆದ ನೀರು ಗಂಜಿಯಂತೆ ಕದಡಿದೆ. ಪೆನ್ಸಿಲಿನ್, ಸ್ಟ್ರೆಪ್ಟೊಮೈಸಿನ್ ಎರಡೂ. ಗಾಯದಲ್ಲಿ ಕೀವು.

19-10
ಬೆಳಿಗ್ಗೆ ಹತ್ತೂಕಾಲಿಗೆ ಹೋದ.
ಬದಲಿಸಿದ ಬ್ಯಾಂಡೇಜಿನ ಮೇಲೂ ಹೆಂಡತಿ ಇಟ್ಟಿದ್ದ ಕುಂಕುಮ ಡಾಕ್ಟರಿಗೆ ಕಂಡಿತು. ಇದರಿಂದಲೇ ನಂಜಾದದ್ದು ಎಂದು ವರಾಂಡದಲ್ಲೇ ಎಲ್ಲರ ಮುಂದೆ ಅಂದರು. ಕೇಸ್‌ಶೀಟಿನಲ್ಲೂ ಹಾಗೇ ಬರೆದರು. ಬೈರಣ್ಣನ ತಾಯಿ ಸೊಣ್ಣಮ್ಮ ಸೊಸೆಯ ಕಡೆ ತಿರುಗಿ ನೋಡಿದ ನೋಟ...
ಮುನಿವೆಂಕಟಮ್ಮ ನನ್ನ ಕೈ ಹಿಡಿದುಕೊಂಡಳು. “ವಸಿ ಕುಂಕ್ಮ ಕಣವ್ವಾ. ವಸಿ ಮಡಗಿದ್ದೆ ಅಷ್ಟೆಯಾ.”

20-10
ಮೂರನೇ ಡ್ರಮ್ ತೊಳೆಯಲು ತೆಗೆದೆ. ಅವತ್ತಿನಿಂದ ಬಳಸಿಲ್ಲ. ನಾನಿಟ್ಟ ಬೊಟ್ಟು ಅರ್ಧ ಪಟ್ಟಿಯ ಮೇಲೆ, ಅರ್ಧ ಡ್ರಮ್ಮಿನ ಮೇಲೆ. ಗಂಧ ಆವಿಗೆ ಬೆಂದು ಗಟ್ಟಿಯಾಗಿದೆ. ಒಂದು ಬಿರುಕಿಲ್ಲ.
ಪಟ್ಟಿ ಸರಿಸಿದ್ದರೆ ಬೊಟ್ಟು ಒಡೆಯಬೇಕಿತ್ತು. ಉಳಿದೆರಡರ ಪಟ್ಟಿ ಸರಿಸಿದ್ದು ನೆನಪಿದೆ; ಪೂಜೆಯ ದಿನ ಮುಚ್ಚಿದವಳು ಇದೊಂದನ್ನು ತೆರೆಯಲೇ ಇಲ್ಲ. ಬಟ್ಟೆಗೆ ಆವಿ ತಾಗಲೇ ಇಲ್ಲ. ಟ್ಯೂಬ್ ನಿಜ ಹೇಳಿತ್ತು.
ಡ್ರಮ್ ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟೆ.

22-10
ಡಾಕ್ಟರಿಗೆ ಡ್ರಮ್ ತೋರಿಸಿದೆ. ಟ್ಯೂಬಿನ ವಿಷಯವೂ ಹೇಳಿದೆ. ಅವರು ಡ್ರಮ್ಮನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಇದ್ದರು. ಆಮೇಲೆ —
“ಬರೆದಿದ್ದು ಬರೆದಾಯ್ತು. ಈ ಥಿಯೇಟರ್ ಮುಚ್ಚಿದ್ರೆ ನಾಳೆ ಬರೋ ತಲೆಗಳನ್ನ ಎಲ್ಲಿಗೆ ಕಳಿಸ್ಲಿ, ಹೇಳಿ?”
ಕೆಟ್ಟ ಮನುಷ್ಯರಲ್ಲ. ಇನ್ನು ಮುಂದೆ ಪೂಜೆ ಥಿಯೇಟರಿನ ಬಾಗಿಲ ಹೊರಗೆ, ಟ್ಯೂಬ್ ಕೆಂಪಿದ್ದರೆ ಆಪರೇಷನ್ ನಿಲ್ಲಬೇಕು ಎಂದು ನೋಟೀಸ್ ಹಾಕಿಸಿದರು. ಕಾರಣ ಬರೆಸಲಿಲ್ಲ.

4-11
ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ಬೊಮ್ಮನಹಳ್ಳಿಯವನೊಬ್ಬ ಹೇಳಿದ. ಮುನಿವೆಂಕಟಮ್ಮನನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಗಂಡನ ತಲೆಗೆ ವಿಷ ಇಟ್ಟವಳು ಅಂತ ಅವಳ ಕೈಯ ನೀರು ಯಾರೂ ಮುಟ್ಟುವುದಿಲ್ಲವಂತೆ.

5-11
ರಜೆ ಬರೆದುಕೊಟ್ಟೆ. ಡಾಕ್ಟರು ಯಾಕೆ ಎಂದು ಕೇಳಲಿಲ್ಲ. ಗೊತ್ತಾಗಿರಬೇಕು. ಕೆಲಸ ಹೋದರೆ ಅಣ್ಣನ ಮನೆ, ಅಡುಗೆಮನೆ ಬಾಗಿಲು. ಹೆದರಿಕೆಯಾಗುತ್ತಿದೆ.

6-11, ಬೆಳಿಗ್ಗೆ 11, ಬೊಮ್ಮನಹಳ್ಳಿ
ಸೊಣ್ಣಮ್ಮನ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೈ ಸುಮ್ಮನಿದ್ದರೆ ಎದ್ದು ಬಸ್ಸಿಗೆ ಓಡಿಬಿಡುತ್ತೇನೆ.
ಕೊಟ್ಟಿಗೆಯಲ್ಲಿ ಮುನಿವೆಂಕಟಮ್ಮನಿಗೆ ಎಲ್ಲ ಹೇಳಿದೆ. ಪಟ್ಟಿ, ಟ್ಯೂಬ್, ನನ್ನ ಬೊಟ್ಟು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಸಗಣಿಯ ಕೈ ಸೆರಗಿಗೆ ಒರೆಸಿಕೊಂಡಳು.
“ಇದ್ನ ನಮ್ಮತ್ತೆ ಮುಂದೆ ಯೋಳ್ತೀಯೇನವ್ವಾ?”
ಹೇಳುತ್ತೇನೆ ಎಂದೆ. ಕರೆಯಲು ಹೊಲಕ್ಕೆ ಹೋದಳು.
ಏನೆಂದು ಶುರು ಮಾಡಲಿ... ಡಾಕ್ಟರ ಹೆಸರು ತರಬಾರದು. ನಿಮ್ಮ ಸೊಸೆಯದು ಏನೂ ತಪ್ಪಿಲ್ಲ ಎಂಬುದೇ ಮೊದಲು. ಆಮೇಲೆ ನನ್ನದು.
ಬರುತ್ತಿದ್ದಾರೆ. ಸೊಣ್ಣಮ್ಮ ಮುಂದೆ, ಕುಡುಗೋಲು ಕೈಯಲ್ಲೇ ಇದೆ. ಮುನಿವೆಂಕಟಮ್ಮ ಹತ್ತು ಹೆಜ್ಜೆ ಹಿಂದೆ, ನೆರಳೂ ತಾಗದ ಹಾಗೆ. ನನ್ನ ಬರಿ ಹಣೆಯನ್ನೇ ನೋಡುತ್ತಾ ಬರುತ್ತಿದ್ದಾರೆ ಸೊಣ್ಣಮ್ಮ. ಎದ್ದು ನಿಲ್ಲಬೇಕು. ಮೊದಲು ಸೊಸೆಯ ಮಾತು.