ದೇವರ ಜಗಲಿಯ ಮೇಲೆ ವೈನ್

ಸ್ಯಾನ್ ಪೀಡ್ರೊ,
ಗುರುವಾರ

ಅವ್ವ,

ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ಪಕ್ಕದಲ್ಲೇ ಅಪ್ಪಾಜಿ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯ ವೈನ್‌ಗಳಿಗೆ ಪರಿಚಯ ಬರೆಯುವುದು ನನ್ನ ಕೆಲಸ. ನಾನು ಮೊದಲು ಪರಿಚಯ ಬರೆದ ಬಾಟಲಿಯನ್ನು ಮಾಲೀಕರು ನನಗೇ ಕೊಟ್ಟರು; ಅದನ್ನು ಮನೆಗೆ ತಂದೆ. ಮಗಳ ಮೊದಲ ಗಳಿಕೆ ಎಂದು ನೀನು ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದೆ.

"ಸೆರೆ ಬಾಟ್ಲಿ ಇರೂತನಕ ನಾ ಪೂಜಿಗೆ ಕೂಡಂಗಿಲ್ಲ. ಆ ಕೆಲ್ಸ ಬಿಡೂತನಕ ಆಕಿ ಮನಿಗೆ ಬರೂದು ಬ್ಯಾಡ" ಎಂದರು ಅಪ್ಪಾಜಿ.

"ದ್ರಾಕ್ಷಿ ಬೆಳಸಾಂವ ಯಾರ್ರಿ, ದೇವ್ರೋ ನೀವೋ?" ಎಂದು ನೀನು ನಕ್ಕೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅದು ಉತ್ತರ ಗ್ರೀಸಿನ ನೌಸಾ ಎಂಬ ಬೆಟ್ಟದ ಸೀಮೆಯ ಕೆಂಪು ವೈನ್. ಹುಳಿ, ಒಗರು ಹೆಚ್ಚು. ಬದನೆಕಾಯಿ, ಟೊಮೆಟೊ, ಕುರಿಮಾಂಸಕ್ಕೆ ಹೊಂದುತ್ತದೆ ಎಂದು ಬರೆದೆ. ರುಚಿ ನೋಡಿ ಉಗುಳಿದ್ದೇನೆ, ಅಷ್ಟೇ. ಬರೆಯುವಾಗ ನೆನಪಾದದ್ದು ನಿನ್ನ ಎಣ್ಣೆಗಾಯಿ.

ಬಾಟಲಿ ತೆಗೆದುಬಿಡು. ಅಪ್ಪಾಜಿಯ ಪೂಜೆ ತಪ್ಪುವುದು ಬೇಡ. ಕೆಲಸವನ್ನು ಮಾತ್ರ ನಾನು ಬಿಡುವುದಿಲ್ಲ. ಅದನ್ನು ಅವರಿಗೆ ನೀನು ಹೇಳಬೇಡ; ಭಾನುವಾರ ರಾಂಚೊ ಬರ್ನಾರ್ಡೊದ ನಿಮ್ಮ ಮನೆಗೆ ಬಂದು ನಾನೇ ಹೇಳುತ್ತೇನೆ.

ಬೆಲ್ ಆದಾಗ ನೀನು ಅಡುಗೆಮನೆಯಲ್ಲೇ ಇರು. ಬಾಗಿಲು ಅವರೇ ತೆಗೆಯಲಿ.

ನಿನ್ನ
ದೀಪಾಲಿ