ಎರಡರಲ್ಲಿ ಮೊದಲನೆಯದು

ಅಂಗಡಿಯಿಂದ,
ಹನ್ನೊಂದನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ನಿನ್ನ ಕೆಮ್ಮು ಹೇಗಿದೆ? ಕೋಣೆಯ ಜೊತೆಗಾರ ಗೊರಕೆರಾಯರ ಮೊಣಕಾಲು ನೋವು ಇಳಿಯಿತೇ? ಸೇತುವೆ ಕೆಲಸದಲ್ಲಿ ಎತ್ತರ ಹತ್ತುವಾಗ ಹಗ್ಗ ಕಟ್ಟಿಕೊಳ್ಳುತ್ತೀಯಷ್ಟೇ? ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನನ್ನು ಬೈಯುವ ಶಕ್ತಿ ಒಂದಿಷ್ಟೂ ಕುಂದಿಲ್ಲ.

ನಿನ್ನ ಹೆಂಡತಿಯ ಜ್ವರಕ್ಕೆ ಇಂದಿಗೆ ಇಪ್ಪತ್ತು ದಿನ. ಅವಳ ಮಂಚದ ಎದುರು ನಾನು ತೂಗುಹಾಕಿದ ಚಿತ್ರದ ವಿಷಯ ಹೇಳಬೇಕು. ಯಾರೋ ಕಟ್ಟು ಬದಲಿಸಲು ನಮ್ಮ ಅಂಗಡಿಗೆ ಕೊಟ್ಟು ಮರೆತದ್ದು. ತಾಮ್ರದ ತಗಡಿನಲ್ಲಿ ಗೀರಿ ಅಚ್ಚು ತೆಗೆದ ಹಳೆಯ ಚಿತ್ರ, ಮೂಲೆಯಲ್ಲಿ ೧೮೭೧ ಎಂದಿದೆ. ಹಾಸಿಗೆಯಲ್ಲಿ ದಿಂಬಿಗೊರಗಿ ಕೂತ ಹೆಂಗಸು, ಪಕ್ಕದಲ್ಲಿ ಬಟ್ಟಲು ಹಿಡಿದ ಮುದುಕಿ. ಕಾಯಿಲೆ ಬಿದ್ದವಳು ಚೇತರಿಸಿಕೊಂಡು ಎದ್ದು ಕೂತಿದ್ದಾಳೆಂದೇ ನಾವೆಲ್ಲ ತಿಳಿದಿದ್ದೆವು. ನಿನ್ನ ಹೆಂಡತಿ ದಿನಾ ಬೆಳಿಗ್ಗೆ, "ಮಾವ, ಅವಳು ಎದ್ದಾಯ್ತು. ನಾಳೆ ನನ್ನ ಸರದಿ" ಎನ್ನುತ್ತಿದ್ದಳು.

ಸೋಮವಾರ ಗಾಜು ಒರೆಸಲೆಂದು ಕಟ್ಟು ಬಿಚ್ಚಿದೆ. ಒಳಗಿನ ರಟ್ಟಿನ ಅಡಿಯಲ್ಲಿ ಪರಭಾಷೆಯ ಒಂದು ಸಾಲು ಅಡಗಿತ್ತು. ಕಟ್ಟುಗಳ ಬೆನ್ನಿಗೆ ಅಂಟಿಸುವ ಹಳೆಯ ಪತ್ರಿಕೆಗಳಲ್ಲಿ ಅಕ್ಷರ ಕಲಿತ ನನಗೆ ಅದೆಲ್ಲಿ ತಿಳಿಯಬೇಕು? ಔಷಧಿ ಅಂಗಡಿಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಎರಡು ಚಿತ್ರದಲ್ಲಿ ಇದು ಮೊದಲನೇದಂತೆ. ಇದು ಕಾಯಿಲೆ. ಚೇತರಿಕೆ ಇನ್ನೊಂದರಲ್ಲಿ. ಅದೆಲ್ಲಿ?" ಎಂದರು. ಚಿತ್ರವನ್ನು ಬೆಳಕಿಗೆ ಹಿಡಿದೆ. ಆಮೇಲೆ ನೋಡುತ್ತೇನೆ, ಆ ಹೆಂಗಸಿನ ಬಾಯಿ ತೆರೆದಿದೆ, ಒಂದು ಕೈ ಎದೆಯನ್ನು ಒತ್ತಿಕೊಂಡಿದೆ. ಅವಳು ಎದ್ದು ಕೂತಿದ್ದಲ್ಲ ಮಗನೇ. ಮಲಗಿದರೆ ಉಸಿರು ಸಿಗದೆ ಕೂರಿಸಿದ್ದು.

ರಟ್ಟನ್ನು ಮೊದಲಿನಂತೆ ಕೂರಿಸಿ ಮೊಳೆ ಹೊಡೆದು ಅಲ್ಲೇ ತೂಗುಹಾಕಿದೆ. ತೆಗೆದರೆ ಯಾಕೆಂದು ಕೇಳುತ್ತಾಳಲ್ಲ! ನಿನ್ನಮ್ಮ ನನ್ನನ್ನು ಹೊರಗೆ ಕರೆದು, "ಏನ್ರೀ, ದೆವ್ವ ಕಂಡೋರ ಹಾಗಿದ್ದೀರಿ? ಆ ಮುಖಕ್ಕೊಂದು ಕಟ್ಟು ಹಾಕ್ಕೊಂಡು ಒಳಗೆ ಬನ್ನಿ" ಎಂದು ಗದರಿದಳು.

ಇಂದು ಬೆಳಿಗ್ಗೆ ನಿನ್ನ ಹೆಂಡತಿ, "ಮಲಗಿದ್ರೆ ಉಸಿರು ಕಟ್ಟುತ್ತೆ, ಒರಗಿಸಿ ಕೂರಿಸಿ ಮಾವ" ಎಂದಳು. ಮೂರು ದಿಂಬು ಕೊಟ್ಟು ಕೂರಿಸಿದೆವು. ಚಿತ್ರ ನೋಡಿ ನಕ್ಕಳು. "ಕೂತೆ, ನೋಡಿ." ನಿನ್ನಮ್ಮ ಸಂತೋಷದಿಂದ ಕಣ್ಣೊರೆಸಿಕೊಂಡು ಹಾಲು ಬಿಸಿ ಮಾಡಲು ಓಡಿದಳು. ನಾನು ಚಿತ್ರದ ಕಡೆ ನೋಡದೆ ಅಂಗಡಿಗೆ ಬಂದುಬಿಟ್ಟೆ.

ದೇವರು ನಿನ್ನನ್ನು ಕಾಯಲಿ. ಗೊರಕೆರಾಯರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಪ್ಪ

ತಾ.ಕ.: ಡಾಕ್ಟರು ಈಗಷ್ಟೇ ಅಂಗಡಿ ಬಾಗಿಲಲ್ಲಿ ನಿಂತು, "ಮಗನನ್ನ ಕರೆಸಿಬಿಡಿ. ಶನಿವಾರ ದಾಟಿದ್ರೆ ನೋಡೋಣ" ಎಂದು ಹೋದರು. ನಿನ್ನಮ್ಮನಿಗೆ ಹೇಳಿಲ್ಲ. ನಿಮ್ಮ ಸೇತುವೆಗೆ ಹೊರಟ ಸಿಮೆಂಟ್ ಲಾರಿಯ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ, ಅದೇ ಲಾರಿ ಹತ್ತಿ ಬಾ. ರಜೆ ಕೊಡದಿದ್ದರೆ ಅವನನ್ನು ನಿಲ್ಲಿಸಿಕೊಂಡು ಅವಳಿಗೆ ನಾಲ್ಕು ಸಾಲು ಬರೆ. ನಿನ್ನ ಕೈಬರಹವನ್ನಾದರೂ ನೋಡಲಿ. ಈಗಲೇ ಬರೆ.